ವಕೀಲರ ಮೇಜಿಗೆ ತಲುಪದ ಲಕೋಟೆ

ನನ್ನ ತಂಗಿ ಮನೆ ಕೊಳ್ಳುವಾಗ ನನಗೆ ಒಂದೇ ಒಂದು ಕೆಲಸ ಒಪ್ಪಿಸಿದ್ದಳು. ಆ ಮನೆಯ ಕರಾರುಪತ್ರವನ್ನು ವಕೀಲರಿಗೆ ತಲುಪಿಸುವುದು. ನಾನು ಅದನ್ನು ಮಾಡಲಿಲ್ಲ. ಮಾಡಿದೆ ಎಂದು ಹೇಳಿದೆ. ಆರು ವರ್ಷ ಹಾಗೆಯೇ ಹೇಳುತ್ತಾ ಬಂದೆ.

ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಪೀಣ್ಯದ ಒಂದು ಶೆಡ್ಡಿನಲ್ಲಿ ಲೇತ್ ಕೆಲಸ ಕಲಿತೆ. ಹೆಂಡತಿ ನರ್ಸ್. ಅವಳಿಗೆ ಡೆಟ್ರಾಯಿಟ್ ಕಡೆ ಕೆಲಸ ಸಿಕ್ಕಾಗ ನಾನೂ ಜೊತೆಗೆ ಬಂದೆ. ಇಲ್ಲಿ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಗೆ ಸೇರಿದ ಮೊದಲ ವಾರವೇ ಫೋರ್‌ಮನ್ ನನ್ನ ಕೈಚಳಕ ನೋಡಿ ಮತ್ತೇನೂ ಕೇಳಲಿಲ್ಲ. ಯಂತ್ರದ ಮುಂದೆ ನಾನು ಎಂದೂ ತಡವರಿಸಿದವನಲ್ಲ. ಅದೇ ಧೈರ್ಯದಲ್ಲಿ ಡೆಟ್ರಾಯಿಟ್ ಪಕ್ಕದ ಕ್ಯಾಂಟನ್‌ನಲ್ಲಿ ಮನೆಯನ್ನೂ ಕೊಂಡೆ. ಮಿಶಿಗನ್‌ನಲ್ಲಿ ಮನೆ ಕೊಳ್ಳುವವರು ವಕೀಲರನ್ನು ಇಟ್ಟುಕೊಳ್ಳುವುದು ಕಡಿಮೆ. ಆಸ್ತಿಯ ಹಕ್ಕು ಪರಿಶೀಲಿಸುವ ಟೈಟಲ್ ಕಂಪನಿಯವರೇ ಕಾಗದಗಳನ್ನೆಲ್ಲ ಜೋಡಿಸಿ ಮೇಜಿನ ಮೇಲಿಡುತ್ತಾರೆ. ಅವರು ಬೆರಳಿಟ್ಟು ತೋರಿಸಿದ ಕಡೆಯೆಲ್ಲ ಸಹಿ ಹಾಕಿದೆ, ಬೀಗದ ಕೈ ಕೊಟ್ಟರು. ಅಂದಿನಿಂದ ಮನೆ ಕೊಳ್ಳುವ ಮಾತು ಬಂದರೆ ನಮ್ಮ ಕಡೆಯವರಿಗೆಲ್ಲ ನಾನೇ ಗುರು.

ತಂಗಿ ಇದ್ದದ್ದು ಶಿಕಾಗೋ ಹತ್ತಿರದ ಹಾಫ್‌ಮನ್ ಎಸ್ಟೇಟ್ಸ್‌ನಲ್ಲಿ. ಅವಳ ಗಂಡನದು ಕಂಪ್ಯೂಟರ್ ಕೆಲಸ, ವಾರವೆಲ್ಲ ಬೇರೆ ಬೇರೆ ಊರುಗಳಲ್ಲಿ. ಒಬ್ಬಳೇ ಮಗಳು, ಆಗಿನ್ನೂ ಚಿಕ್ಕವಳು. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ ಅವಳು ಕೆಲಸಕ್ಕೆ ಹೋಗುವ ತಾಯಂದಿರ ಇಬ್ಬರು ಮಕ್ಕಳನ್ನು ನೋಡಿಕೊಳ್ಳುತ್ತಿದ್ದಳು. ಮಕ್ಕಳೆಂದರೆ ಅವಳಿಗೆ ಜೀವ. ಗ್ರೀನ್ ಕಾರ್ಡ್ ಬಂದ ಮೇಲೆ ಲೈಸೆನ್ಸ್ ತೆಗೆದುಕೊಂಡು ಮನೆಯಲ್ಲೇ ಸರಿಯಾದ ಡೇಕೇರ್ ನಡೆಸಬೇಕೆಂಬುದು ಅವಳ ಆಸೆ. ಅದಕ್ಕೆಂದೇ ಗೋಡೆಗೆ ಗೋಡೆ ತಗುಲಿದ ಸಾಲುಮನೆಗಳ ಪೈಕಿ ಒಂದು ಟೌನ್‌ಹೌಸ್ ಹುಡುಕಿದಳು. ಕೆಳಗೆ ದೊಡ್ಡ ಕೋಣೆ, ಅದರ ಬಾಗಿಲು ತೆರೆದರೆ ಹಿಂದೆ ಹುಲ್ಲು. ಆ ಕೋಣೆಗಾಗಿಯೇ ಆ ಮನೆ.

ತೊಂಬತ್ತೊಂಬತ್ತರ ಜುಲೈ. ನಮ್ಮ ಕಾರ್ಖಾನೆಗೆ ಬೇಸಿಗೆಯ ರಜೆ. ನಾನು ಅವಳ ಮನೆಯಲ್ಲಿ ವಾರ ಇರಲು ಹೋಗಿದ್ದೆ. ಗಂಡ ಹೆಂಡತಿ ಕರಾರಿಗೆ ಸಹಿ ಹಾಕಿಯಾಗಿತ್ತು. ಶಿಕಾಗೋ ಇರುವ ಇಲಿನಾಯ್ ಕಡೆಯ ಪದ್ಧತಿ ಬೇರೆ. ಸಹಿಯಾದ ಮೇಲೂ ಐದು ಕೆಲಸದ ದಿನ ವಕೀಲರಿಗೆ ಸಮಯವಿರುತ್ತದೆ. ಅವರು ಕಾಗದ ಓದಿ ತಿದ್ದುಪಡಿ ಕೇಳಬಹುದು, ಸರಿಬರದಿದ್ದರೆ ವ್ಯವಹಾರವನ್ನೇ ಬಿಡಿಸಬಹುದು. ಮನೆ ತೋರಿಸಿದ ಏಜೆಂಟ್ ಹೆಂಗಸು ವಕೀಲರೊಬ್ಬರ ವಿಳಾಸ ಕೊಟ್ಟು, ಕರಾರುಪತ್ರವನ್ನು ಅವರ ಆಫೀಸಿಗೆ ಕೊಟ್ಟು ಬಂದರೆ ಸಾಕು ಎಂದಿದ್ದಳು. ತಂಗಿ ಇಬ್ಬರು ಮಕ್ಕಳನ್ನು ಬಿಟ್ಟು ಹೊರಡುವಂತಿರಲಿಲ್ಲ.

"ಅಣ್ಣಾ, ಈ ಲಕೋಟೆ ಒಂದು ಕೊಟ್ ಬಾ. ಮನೇಲಿ ಡೇಕೇರ್ ಮಾಡ್ಬೋದಾ ಅಂತ ಮರೀದೆ ಕೇಳು."

"ಲಾಯರ್ ಯಾಕೇ? ನಾವೇನು ಯಾರ ಮೇಲಾದ್ರೂ ಕೇಸ್ ಹಾಕ್ತಿದೀವಾ? ಕ್ಯಾಂಟನ್‌ನಲ್ಲಿ ನಾನ್ ತಗೊಳ್ಳಿಲ್ವಾ?"

"ನಿನ್ ಕ್ಯಾಂಟನ್ ಪುರಾಣ ಆಮೇಲೆ ಓದು. ಐದು ಮೈಲಿ ಅಷ್ಟೆ, ಹೋಗ್ ಬಾ."

ಹೋದೆ. ಆಫೀಸು ತಣ್ಣಗಿತ್ತು. ಮುಂದೆ ಕುಳಿತಿದ್ದ ಹೆಂಗಸು ನಗುತ್ತಾ ಒಂದು ಫಾರಂ ಕೊಟ್ಟಳು. ಹೆಸರು, ವಿಳಾಸ ತುಂಬಿದೆ. ಕೆಳಗೆ ಅರ್ಧ ಪುಟ ಖಾಲಿ ಬಿಟ್ಟಿತ್ತು. ಅಕ್ಷರ ಕೂಡಿಸಿ ಓದಿದೆ. ಈ ಮನೆಯನ್ನು ಯಾವುದಕ್ಕೆ ಬಳಸುತ್ತೀರಿ, ನಿಮ್ಮ ಪ್ರಶ್ನೆಗಳೇನು, ಬರೆಯಿರಿ ಎಂದಿತ್ತು. ಉತ್ತರ ನನ್ನ ನಾಲಿಗೆಯ ಮೇಲಿತ್ತು, ಇಂಗ್ಲಿಷಿನಲ್ಲಿ ಎರಡು ಸಾಲು ಬರೆಯಲು ಕೈ ಏಳಲಿಲ್ಲ. ಪಕ್ಕದಲ್ಲಿ ಟೈ ಕಟ್ಟಿದವನೊಬ್ಬ ತನ್ನ ಫಾರಂ ಸರಸರ ತುಂಬಿ ಎದ್ದು ಹೋದ. ಆ ಹೆಂಗಸು ಸಹಾಯ ಬೇಕೇ ಎಂದು ಕೇಳಿದಳು. ಬಾಯಿಬಿಟ್ಟು ಹೇಳಿದ್ದರೆ ಅವಳೇ ಬರೆದುಕೊಳ್ಳುತ್ತಿದ್ದಳು, ಇದು ನನಗೆ ಈಗ ಗೊತ್ತು. ಆಗ ಕಿವಿ ಬಿಸಿಯಾಯಿತು. ಕಾರಿನಲ್ಲಿ ಏನೋ ಬಿಟ್ಟಿದ್ದೇನೆ ಎಂದು ಎದ್ದೆ. ಫಾರಂ ಮಡಿಸಿ ಜೇಬಿಗೆ, ಲಕೋಟೆ ಕಂಕುಳಿಗೆ. ತಿರುಗಿ ಒಳಗೆ ಹೋಗಲಿಲ್ಲ.

ದಾರಿಯಲ್ಲಿ ಬರುತ್ತಾ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಮನೆ ಕೊಳ್ಳುವುದು ಎಲ್ಲ ಕಡೆಯೂ ಒಂದೇ, ವಕೀಲ ಎನ್ನುವುದು ಶಿಕಾಗೋದವರ ದೊಡ್ಡಸ್ತಿಕೆ. ಮನೆಗೆ ಬಂದಾಗ ತಂಗಿ ಮಗುವಿಗೆ ಅನ್ನ ಕಲಸುತ್ತಿದ್ದಳು.

"ಏನಂದ್ರು?"

"ನೋಡಿ ಹೇಳ್ತಾರಂತೆ."

ಎರಡು ದಿನ ಬಿಟ್ಟು, "ಎಲ್ಲಾ ಸರಿ ಇದೆಯಂತೆ, ಡೇಕೇರಿಗೂ ತೊಂದ್ರೆ ಇಲ್ವಂತೆ" ಎಂದೆ. ಏಜೆಂಟ್ ಫೋನ್ ಮಾಡಿದಾಗಲೂ ನಾನೇ ಎತ್ತಿ, ವಕೀಲರಿಂದ ಬದಲಾವಣೆ ಏನೂ ಇಲ್ಲ ಎಂದೆ. ತಿಂಗಳ ಮೇಲೆ, ಮನೆ ಕೈಗೆ ಬರುವ ಕೊನೆಯ ಸಹಿಗಳ ದಿನಕ್ಕೆ ನಾನು ಮತ್ತೆ ಹೋಗಿದ್ದೆ. ಅಂದು ವಕೀಲರೇಕೆ ಬಂದಿಲ್ಲ ಎಂದು ತಂಗಿಯ ಗಂಡ ಕೇಳಿದರು. ಬರುವುದು ಬೇಡ ಎಂದು ನಾನೇ ಹೇಳಿದೆ, ಫೀಸನ್ನೂ ನಾನೇ ಕೊಟ್ಟಿದ್ದೇನೆ, ಮನೆಗೆ ನನ್ನ ಉಡುಗೊರೆ ಎಂದುಕೊಳ್ಳಿ ಎಂದೆ. ಗೃಹಪ್ರವೇಶದ ಊಟದಲ್ಲಿ ತಂಗಿ ನನ್ನ ಎಲೆಗೆ ಒಬ್ಬಟ್ಟು ಬಡಿಸುತ್ತಾ ನೆಂಟರೆದುರು ಹೇಳಿದಳು, "ಎಲ್ಲಾ ನಮ್ಮಣ್ಣನೇ ಓಡಾಡಿದ್ದು." ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ.

ಡೇಕೇರ್ ನಡೆದದ್ದು ಐದು ತಿಂಗಳು. ಲೈಸೆನ್ಸ್ ಬಂದಿತ್ತು, ಆರು ಮಕ್ಕಳಾಗಿದ್ದರು, ಪುಟ್ಟ ಪುಟ್ಟ ಕುರ್ಚಿಗಳಿದ್ದವು. ಬೆಳಗ್ಗೆ ಕಾರುಗಳು ಸಾಲುಗಟ್ಟುವುದನ್ನು ನೋಡಿ ಯಾರೋ ದೂರು ಕೊಟ್ಟರು. ಆ ಟೌನ್‌ಹೌಸುಗಳಿಗೆಲ್ಲ ಸೇರಿದ ಸಂಘದಿಂದ ಕಾಗದ ಬಂತು. ಮನೆಯೊಳಗೆ ಯಾವ ಉದ್ಯೋಗವನ್ನೂ ನಡೆಸಕೂಡದು ಎಂಬ ನಿಯಮ ಮೊದಲಿನಿಂದಲೂ ಇದೆ, ಕೂಡಲೇ ನಿಲ್ಲಿಸಬೇಕು. ಕೊಳ್ಳುವ ಮೊದಲು ಆ ನಿಯಮಗಳನ್ನು ತರಿಸಿ ಓದುವುದೇ ವಕೀಲರ ಕೆಲಸ. ಐದು ದಿನದೊಳಗೆ ಓದಿದ್ದರೆ ಅವಳು ಬೇರೆ ಮನೆ ನೋಡುತ್ತಿದ್ದಳು.

ಅವಳು ನನಗೆ ಫೋನ್ ಮಾಡಿದಳು. "ಅಣ್ಣಾ, ಆ ಲಾಯರ್ ಇದನ್ನ ನೋಡ್ಲೇ ಇಲ್ವಾ?"

"ಅವನಿಗೆ ನೂರು ಕೆಲಸ. ಸರಿಯಾಗಿ ನೋಡಿರಲ್ಲ. ಈಗ ಹೋಗಿ ಕೇಳಿದ್ರೆ ಏನ್ ಪ್ರಯೋಜನ?"

ಈ ಹೊಸ ಸುಳ್ಳು ನಾಲಿಗೆಯಿಂದ ಎಷ್ಟು ಸಲೀಸಾಗಿ ಜಾರಿತೆಂದು ಈಗಲೂ ನಾಚಿಕೆಯಾಗುತ್ತದೆ. ತಾಯಂದಿರು ಮಕ್ಕಳನ್ನು ಬೇರೆ ಕಡೆ ಸೇರಿಸಿದರು. ತಂಗಿ ಬಟ್ಟೆ ಅಂಗಡಿಯೊಂದರಲ್ಲಿ ಜನ ವಾಪಸು ತಂದ ಮಾಲು ತೆಗೆದುಕೊಳ್ಳುವ ಕೌಂಟರಿನಲ್ಲಿ ನಿಂತಳು. ಕಂಡ ಕನ್ನಡದವರಿಗೆಲ್ಲ ಆ ವಕೀಲರ ಹತ್ತಿರ ಹೋಗಬೇಡಿ ಎಂದು ಹೇಳುತ್ತಿದ್ದಳು. ಅವಳ ಹೆಸರನ್ನೂ ಕೇಳದ ಮನುಷ್ಯನಿಗೆ ನನ್ನಿಂದ ಕೆಟ್ಟ ಹೆಸರು.

ಆರು ವರ್ಷದ ಮೇಲೆ ಅವರು ಆ ಮನೆಯನ್ನು ಮಾರಿ, ಸಂಘದ ಕಟ್ಟುಪಾಡಿಲ್ಲದ ಬಿಡಿ ಮನೆಯೊಂದನ್ನು ಕೊಳ್ಳಲು ಹೊರಟರು. ಮತ್ತೆ ಡೇಕೇರ್ ಮಾಡುತ್ತೇನೆಂದು ಅವಳು ಫೋನಿನಲ್ಲಿ ಹೇಳಿದಾಗ ದನಿಯಲ್ಲಿ ಹಳೆಯ ಉತ್ಸಾಹ ಕೇಳಿಸಿತು. ಆ ಶನಿವಾರವೇ ಹೊರಟೆ. ಭಾನುವಾರ ಬೆಳಗ್ಗೆ ಅವಳು ದೋಸೆ ಹುಯ್ಯುತ್ತಿದ್ದಳು, ಈಗ ಹೈಸ್ಕೂಲಿಗೆ ಬಂದಿದ್ದ ಅವಳ ಮಗಳು ತಿನ್ನುತ್ತಿದ್ದಳು.

"ಈ ಸಲ ಲಾಯರ್ ಗೀಯರ್ ಏನೂ ಬೇಡ," ಎಂದಳು ತಂಗಿ. "ಹೋದ್ ಸಲ ಇಟ್ಕೊಂಡು ಏನ್ ಬಂತು ಭಾಗ್ಯ?"

"ಮಾಮ್, ಎವ್ರಿಬಡಿ ಯೂಸಸ್ ಅ ಲಾಯರ್," ಎಂದಳು ಮಗಳು.

"ಸುಮ್ನೆ ತಿನ್ನೇ. ನಿಮ್ಮಾವನ್ನ ಕೇಳು, ಕ್ಯಾಂಟನ್‌ನಲ್ಲಿ ಅವನು ಇಟ್ಕೊಂಡಿದ್ನಾ ಅಂತ."

ಇನ್ನು ಸುಮ್ಮನಿದ್ದರೆ ಅದೇ ಹಳ್ಳಕ್ಕೆ ಅವಳನ್ನು ಎರಡನೇ ಸಲ ನೂಕಿದಂತೆ. ತಟ್ಟೆ ಸರಿಸಿದೆ.

"ಆ ಲಾಯರ್ ನಿನ್ ಕಾಗದ ನೋಡೇ ಇಲ್ಲ. ನಾನು ಕೊಡ್ಲೇ ಇಲ್ಲ."

ಅವಳು ಒಲೆ ಆರಿಸಿದಳು. ಮಗಳು ನನ್ನ ಮುಖ, ತಾಯಿಯ ಮುಖ ನೋಡಿ ತಟ್ಟೆ ಹಿಡಿದು ಮಹಡಿಗೆ ಹೋದಳು. ನಾನು ಫಾರಂ ವಿಷಯ, ಫೀಸಿನ ವಿಷಯ ಎಲ್ಲವನ್ನೂ ಹೇಳಿದೆ. ಏನನ್ನೂ ಸಣ್ಣದು ಮಾಡಲಿಲ್ಲ.

"ಬರೆಯಕ್ಕೆ ಆಗ್ಲಿಲ್ಲ ಅಂತ ಮನೆಗೆ ತಂದಿದ್ರೆ ನಾನು ಬರ್‍ಕೊಡ್ತಿರ್ಲಿಲ್ವಾ?"

"ನಗ್ತಿದ್ದೆ ನೀನು."

"ಹೂಂ, ನಗ್ತಿದ್ದೆ. ನಕ್ಕು ಬರ್‍ಕೊಡ್ತಿದ್ದೆ." ಸೆರಗಿಲ್ಲದ ನೈಟಿಯ ತೋಳಿನಲ್ಲೇ ಕಣ್ಣೊರೆಸಿಕೊಂಡಳು. "ಆರು ವರ್ಷ ಅಣ್ಣಾ. ಕೌಂಟರಲ್ಲಿ ನಿಂತು ನಿಂತು ಆ ಮನುಷ್ಯನಿಗೆ ಶಾಪ ಹಾಕಿದೀನಿ."

ನಮ್ಮ ಮನೆಗಳಲ್ಲಿ ಅಣ್ಣನಾದವನು ತಂಗಿಯ ಕ್ಷಮೆ ಕೇಳುವುದಿಲ್ಲ. ಬದಲಿಗೆ ಸೀರೆ ತಂದುಕೊಡುತ್ತಾನೆ, ಇಲ್ಲವೇ ಮಾತು ಮರೆಸುತ್ತಾನೆ. ಇವೆರಡನ್ನೂ ನಾನು ಆರು ವರ್ಷ ಮಾಡಿಯಾಗಿತ್ತು. ಎದ್ದು ಅವಳೆದುರು ನಿಂತೆ.

"ಶಾಪ ನನಗೆ ಸೇರ್ಬೇಕಾದ್ದು ಕಣೇ. ನನಗೆ ಬರಲ್ಲ ಅಂತ ಒಪ್ಕೊಳ್ಳೋದು ಬಿಟ್ಟು ನಿನ್ ಡೇಕೇರ್ ಮುಚ್ಚಿಸ್ದೆ. ತಪ್ಪಾಯ್ತು. ನನ್ನ ಕ್ಷಮಿಸು."