ಚೋಕ್ ಎಳೆದ ಕೈ

ಅಪ್ಪನ ಕೈಗೆ ನಾನು ಒಮ್ಮೆ ಹೊಡೆದಿದ್ದೇನೆ. ಮೆಲ್ಲಗೆ ತಟ್ಟಿದ್ದಲ್ಲ, ಚಟೀರೆಂದು ಬಾರಿಸಿದ್ದು.

ಅಪ್ಪನದು ಮಾನ್ವಿಯಲ್ಲಿ ಗ್ಯಾರೇಜು. ಹಳೆಯ ಸ್ಕೂಟರ್, ಪೆಟ್ರೋಲ್ ಜೀಪುಗಳೇ ಅವನ ಲೋಕ. ಸದ್ದು ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತಾನೆ ಎಂಬ ಹೆಸರು ಅವನಿಗಿತ್ತು. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬೊರೇಟರಿನಲ್ಲಿ ಕಸ ಕೂತು ಗಾಡಿ ಮುಗ್ಗರಿಸಿದರೆ ಅವನದು ಒಂದೇ ಮಾತು: "ಚೋಕ್ ಎಳದು ಮನಿ ಮುಟ್ರಿ, ನಾಳಿ ನೋಡೂಣು." ಚೋಕ್ ಎಳೆದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚು ಹೋಗುತ್ತದೆ, ಗಾಡಿ ಹೇಗೋ ಮನೆ ಸೇರುತ್ತದೆ.

ನನಗೆ ಪೈಲಟ್ ಲೈಸೆನ್ಸ್ ಸಿಕ್ಕಾಗ ಮೊದಲು ಅವನನ್ನೇ ಕೂರಿಸಿಕೊಂಡು ಹಾರಬೇಕೆಂದು ಹಟ ಹಿಡಿದೆ. ಪಕ್ಕದ ಜಿಲ್ಲೆಯ ಫ್ಲೈಯಿಂಗ್ ಕ್ಲಬ್ಬಿನ ಎರಡು ಸೀಟಿನ ವಿಮಾನ. ಅದರಲ್ಲೂ ಕಾರ್ಬೊರೇಟರ್ ಇದೆ ಎಂದು ತಿಳಿದದ್ದೇ ಅಪ್ಪನ ಹೆದರಿಕೆ ಅರ್ಧ ಇಳಿಯಿತು. "ಹಂಗಾದ್ರ ಇದು ನಮ್ಮ ಪೈಕಿ ಅದ ತಗೋ" ಎಂದ.

ಆರು ಸಾವಿರ ಅಡಿಗೆ ಏರಿದೆವು. ಅಷ್ಟು ಮೇಲೆ ಗಾಳಿ ತೆಳು, ಪೆಟ್ರೋಲನ್ನೂ ಅಷ್ಟಕ್ಕೆ ತಗ್ಗಿಸಬೇಕು. ಅದಕ್ಕೆಂದೇ ಎದುರಿಗೆ ಒಂದು ಕೆಂಪು ಗುಂಡಿ ಇರುತ್ತದೆ. ಎಳೆದರೆ ಪೆಟ್ರೋಲ್ ಕಡಿಮೆ, ಒತ್ತಿದರೆ ಹೆಚ್ಚು, ಪೂರ್ತಿ ಎಳೆದರೆ ಬಂದ್. ಚೋಕಿಗೆ ತದ್ವಿರುದ್ಧ. ಇಂಜಿನ್ ತುಸು ಅದುರುವವರೆಗೆ ಎಳೆದು, ಮತ್ತೆ ಸ್ವಲ್ಪ ಒಳಗೆ ಒತ್ತಿದೆ. ಅಪ್ಪ ಕಿವಿಗೊಟ್ಟು ಕೇಳಿ ತಲೆಯಾಡಿಸಿದ. ಆ ಗುಂಡಿ ಮುಟ್ಟಬೇಡ ಎಂದು ಹತ್ತುವ ಮುಂಚೆಯೇ ಹೇಳಬೇಕಿತ್ತು. ಇಂಜಿನ್ ಬಲ್ಲವನಿಗೆ ನಾನೇನು ಹೇಳುವುದು ಎಂದು ಸುಮ್ಮನಿದ್ದೆ, ದಡ್ಡಿ.

ದೇವದುರ್ಗ ದಾಟಿದ ಮೇಲೆ ಊರು ತೋರಿಸುವ ಹುರುಪಿನಲ್ಲಿ ಕೆಳಗಿಳಿಯತೊಡಗಿದೆ. ಇಳಿದಂತೆ ಗಾಳಿ ದಟ್ಟವಾಗುತ್ತದೆ, ಕೆಂಪು ಗುಂಡಿಯನ್ನು ಒಳಗೆ ಒತ್ತುತ್ತ ಬರಬೇಕು. ನಾನು ನೀರಮಾನ್ವಿ ಎಲ್ಲಿದೆ ನೋಡು ಎಂದು ಬೆರಳು ಮಾಡುತ್ತ ಅದನ್ನು ಮರೆತೇಬಿಟ್ಟೆ. ಮಾನ್ವಿ ಎದುರಿಗೆ ಕಾಣುವ ಹೊತ್ತಿಗೆ ಇಂಜಿನ್ ಕೆಮ್ಮಿತು.

"ಚೋಕ್ ಎಳಿ ಯವ್ವಾ!" ಎಂದವನೇ ಅಪ್ಪ ಕೈ ಚಾಚಿ ಕೆಂಪು ಗುಂಡಿಯನ್ನು ಪೂರ್ತಿ ಎಳೆದ.

ಇಂಜಿನ್ ಸದ್ದು ನಿಂತೇಹೋಯಿತು. ಬರೀ ಗಾಳಿಯ ಸುಂಯ್. ಅಪ್ಪ ಗುಂಡಿ ಬಿಡುತ್ತಿಲ್ಲ, ಇನ್ನೂ ಜೋರಾಗಿ ಎಳೆಯುತ್ತಿದ್ದಾನೆ. ಆಗ ಹೊಡೆದೆ. ಅವನ ಕೈ ಸಡಿಲಾದದ್ದೇ ಗುಂಡಿಯನ್ನು ಒಳಗೆ ನೂಕಿದೆ. ಪ್ರೊಪೆಲರ್ ಗಾಳಿಗೆ ತಿರುಗುತ್ತಲೇ ಇತ್ತು, ಎರಡು ಸಲ ಗುರ್ರೆಂದು ಇಂಜಿನ್ ಹೊತ್ತಿಕೊಂಡಿತು. ಅಲ್ಲಿಂದಲೇ ತಿರುಗಿಸಿ ವಾಪಸು ಬಂದು ಇಳಿದೆವು.

ಆಮೇಲೆ ಅಪ್ಪ ಊರೆಲ್ಲ ಅದನ್ನೇ ಹೇಳಿಕೊಂಡು ತಿರುಗಿದ. ಒಂದು ದಿನ ರಾಯಚೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ನನ್ನೆದುರಿಗೇ ಶುರು ಮಾಡಿದ. "ನಾನ ಹುಚ್ಚ. ಕೈ ಹಾಕಬಾರದ್ದಕ್ಕ ಕೈ ಹಾಕಿ ಇಬ್ರನೂ ಕೊಲ್ಲಾಕತ್ತಿದ್ದೆ. ನನ ಮಗಳು ಉಳಿಸ್ಯಾಳ."

ಅಂಗಡಿಯವರು ನಕ್ಕರು. "ಜಲ್ಮ ಪೂರಾ ಇಂಜಿನ್ ಬಿಚ್ಚಿದವರಿಗಿ ಇಷ್ಟ ತಿಳೀಲಿಲ್ಲೇನ್ರಿ?"

ಅಪ್ಪನೂ ನಕ್ಕ. ಇಷ್ಟು ವರ್ಷ ಗಳಿಸಿದ ಹೆಸರನ್ನು ಅವನು ಹೀಗೆ ಬೀದಿಗೆ ಚೆಲ್ಲುತ್ತಿದ್ದರೆ, ನಿಜ ಗೊತ್ತಿದ್ದ ನಾನು ಬಾಯಿ ಮುಚ್ಚಿಕೊಂಡು ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೆ ಅನ್ನಿಸಿತು.

ಮಾನ್ವಿಗೆ ವಾಪಸಾಗುವಾಗ ದಾರಿಯಲ್ಲಿ ಗಾಡಿ ನಿಲ್ಲಿಸಿದೆ. "ಯಪ್ಪಾ, ಮೊದಲು ತಪ್ಪಿದ್ದು ನಾನು. ಕೆಳಗ ಇಳಿಯುವಾಗ ಆ ಗುಂಡಿ ಒತ್ತಬೇಕಿತ್ತು, ಮರತೆ. ಅದಕ್ಕ ಇಂಜಿನ್ ಕೆಮ್ಮಿತು."

"ಗೊತ್ತದ" ಎಂದ ಅಪ್ಪ.

ನಾನು ದಂಗಾದೆ. ಅವನು ನನ್ನ ಮುಖವನ್ನೂ ನೋಡದೆ ಹೇಳಿದ, "ಇಂಜಿನ್ ಸುಮ್‌ಸುಮ್ನ ಕೆಮ್ಮಂಗಿಲ್ಲ ಯವ್ವಾ. ನೀ ಗುಂಡಿ ಒಳಗ ದಬ್ಬಿದಾಗ ಸದ್ದಿನ್ಯಾಗ ಎಲ್ಲಾ ತಿಳೀತು."

"ಮತ್ತ ಎಲ್ಲಾ ನಿನ್ನ ಮ್ಯಾಲ ಯಾಕ ಹಾಕ್ಕೊಂಡಿ?"

"ನಾಳಿ ಮಂದಿ ನಿನ್ನ ಜೋಡಿ ಇಮಾನ ಹತ್ತಬೇಕಲ್ಲ."