ಆಯುಧಪೂಜೆಯ ಬ್ಯಾಕಪ್

ಮೊನ್ನೆ ದೇವರ ಗೂಡು ಒರೆಸುವಾಗ ಪಟದ ಹಿಂದಿನಿಂದ ಕುಂಕುಮದ ಕಲೆಯ ಪೆನ್‌ಡ್ರೈವ್ ಒಂದು ಉರುಳಿ ಬಿತ್ತು. ನಗಬೇಡಿ. ಅದು ನಮ್ಮ ಮನೆಯ ಬ್ಯಾಕಪ್. ಎಂಟು ವರ್ಷ ಭಕ್ತಿಯಿಂದ ಪೂಜೆಗೊಂಡದ್ದು.

ಕುದೂರಿನ ನಮ್ಮ ಬೀದಿಯಲ್ಲಿ ಆಯುಧಪೂಜೆಗೆ ಒಬ್ಬರು ಟ್ರ್ಯಾಕ್ಟರ್ ತೊಳೆದರೆ ಇನ್ನೊಬ್ಬರು ಕುಡುಗೋಲು ಜೋಡಿಸುತ್ತಾರೆ. ನನ್ನ ಆಯುಧ ಕಂಪ್ಯೂಟರ್. ಹಬ್ಬದ ಬೆಳಗ್ಗೆ ಸ್ನಾನ ಮಾಡಿ, ಪರದೆಯ ಮೇಲೆ ಸಾಲಾಗಿ ಕಾಣುವುದನ್ನೆಲ್ಲ ಪೆನ್‌ಡ್ರೈವಿಗೆ ಇಳಿಸಿ, ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಬಾಗಿಲಲ್ಲಿ ಬೂದುಗುಂಬಳ ಒಡೆಯುತ್ತಿದ್ದೆ. ಪೂಜೆಗಿಟ್ಟ ಆಯುಧವನ್ನು ಅಂದು ಮುಟ್ಟುವ ಹಾಗಿಲ್ಲವಲ್ಲ. ನಾನು ಮುಂದಿನ ಹಬ್ಬದವರೆಗೂ ಮುಟ್ಟುತ್ತಿರಲಿಲ್ಲ. ತೆರೆದು ನೋಡುವುದೆಂದರೆ ದೇವರನ್ನೇ ಅನುಮಾನಿಸಿದಂತೆ. ಕಾಪಿ ಎರಡೇ ಸೆಕೆಂಡಿನಲ್ಲಿ ಮುಗಿಯುತ್ತಿದ್ದುದನ್ನು ನನ್ನ ಕೈಚಳಕವೆಂದೇ ತಿಳಿದಿದ್ದೆ.

ಇಷ್ಟು ಶಾಸ್ತ್ರೋಕ್ತ ಮನುಷ್ಯನಿಗೆ ಬೇರೆಯವರನ್ನು ಕಂಡರೆ ತಾತ್ಸಾರ ಇರಲೇಬೇಕು. ತಿಪ್ಪಸಂದ್ರದ ನಮ್ಮ ಭಾವ, ಅಂದರೆ ಅಕ್ಕನ ಗಂಡ, ಕುರಿ ಸಾಕುವವರು. ಅವರ ಮೊಬೈಲಿನಲ್ಲಿ ಶುಭೋದಯದ ಹೂವು, ಯಾರದೋ ಲಗ್ನಪತ್ರಿಕೆ, ಸತ್ತ ಟಗರಿನ ಫೋಟೊ ಎಲ್ಲವೂ ಬಿದ್ದಿರುತ್ತಿದ್ದವು. "ಅಳ್ಸಿ ಭಾವ, ತಿಪ್ಪೆ ಆಗೈತೆ" ಎಂದರೆ, "ಇರ್ಲಿ ಬುಡ್ಲಾ, ಮೇವು ಕೇಳ್ತದಾ ಅದು?" ಎನ್ನುತ್ತಿದ್ದರು.

ಹೋದ ವರ್ಷ ಕಂಪ್ಯೂಟರಿನ ಡಿಸ್ಕ್ ಸತ್ತಿತು. ಅದರಲ್ಲಿದ್ದುದರಲ್ಲಿ ನನಗೆ ಬೇಕಾಗಿದ್ದದ್ದು ಒಂದೇ: ಅವ್ವ ಹಾಡಿದ ರಾಗಿ ಬೀಸುವ ಪದ. ಅವ್ವ ತೀರಿಕೊಂಡು ಆಗಲೇ ಮೂರು ವರ್ಷ. ಅವಳ ದನಿಯನ್ನು ನಾನು ಬೇರೆಲ್ಲೂ ಇಟ್ಟುಕೊಂಡಿರಲಿಲ್ಲ.

ರಾಮನಗರದ ರಿಪೇರಿ ಅಂಗಡಿಯಾಕೆ ಡಿಸ್ಕ್ ನೋಡಿ ತಲೆಯಾಡಿಸಿದರು. ನಾನು ಗತ್ತಿನಿಂದ ಪೆನ್‌ಡ್ರೈವ್ ಚಾಚಿದೆ. ಆಕೆ ಉಗುರಿನಿಂದ ಕುಂಕುಮ ಕೆರೆದು, ತಮ್ಮ ಕಂಪ್ಯೂಟರಿಗೆ ಚುಚ್ಚಿ ನೋಡಿ, "ಸಾರ್, ಇವೆಲ್ಲ ಬರೀ ಶಾರ್ಟ್‌ಕಟ್ಟು. ಫೈಲು ಎಲ್ಲೈತೆ ಅಂತ ತೋರ್ಸೋ ಬೋರ್ಡು ಅಷ್ಟೇಯ. ಊರು ಬುಟ್ಟು ಊರಿನ ಬೋರ್ಡ್ ಕಿತ್ಕೊಂಡ್ ಬಂದಿದ್ದೀರ" ಎಂದರು.

ಎಂಟು ವರ್ಷ ಬೋರ್ಡಿಗೆ ಕುಂಬಳಕಾಯಿ ಒಡೆದಿದ್ದೆ! ಬಸ್ಸಿನಲ್ಲಿ ಮುಖವನ್ನು ಕಿಟಕಿಗೆ ತಿರುಗಿಸಿ ಅತ್ತುಬಿಟ್ಟೆ.

ಆ ಪದವನ್ನು ಒಮ್ಮೆ ಮನೆಯವರ ವಾಟ್ಸಾಪ್ ಗುಂಪಿಗೆ ಕಳಿಸಿದ್ದು ಮಾಗಡಿ ದಾಟಿದ ಮೇಲೆ ನೆನಪಾಯಿತು. ನನ್ನ ಮೊಬೈಲಿನಲ್ಲಿ ಎಂದೋ ಅಳಿಸಿದ್ದೆ. ಒಬ್ಬೊಬ್ಬರನ್ನೇ ಕೇಳಿದೆ. ಮೊಬೈಲ್ ಚೊಕ್ಕಟವಾಗಿಡಿ ಎಂಬ ನನ್ನ ಉಪದೇಶವನ್ನು ಪಾಲಿಸಿ ಎಲ್ಲರೂ ಅಳಿಸಿದ್ದರು. ಕೊನೆಗೆ, ನಾಚಿಕೆ ಬಿಟ್ಟು ಭಾವನಿಗೆ ಫೋನು ಮಾಡಿದೆ.

"ನಾನ್ಯಾಕ್ಲಾ ಅಳ್ಸ್ಲಿ? ಅತ್ತೆ ದನಿ ಕಣ್ಲಾ ಅದು. ಒಸಿ ಇರು, ಕಳಿಸ್ತೀನಿ" ಎಂದರು.

ಈಗ ಅದನ್ನು ಮೂರು ಕಡೆ ಇಟ್ಟಿದ್ದೇನೆ. ಆಗಾಗ ತೆರೆದು, ಪೂರ್ತಿ ಕೇಳಿಯೇ ಮುಚ್ಚುತ್ತೇನೆ. ಇವತ್ತೂ ಕೇಳಿದೆ. ಎರಡನೇ ನುಡಿ ಮುಗಿಸಿ ಅವ್ವ ಉಸಿರೆಳೆದುಕೊಂಡು ಕೇಳುತ್ತಾಳೆ: "ಇನ್ನೂ ಬೋ ಐತೆ ಕಣ್ ಮಗ, ಹಾಡ್ಲೇನಪ್ಪ?"

ಅದಕ್ಕೆ ನನ್ನದೇ ದನಿ: "ಸಾಕು ಬುಡವ್ವ, ಫೈಲು ದೊಡ್ಡದಾಯ್ತದೆ."