ಅರಿಶಿನ ಹಚ್ಚಿದ ಡಿಸ್ಕು

ಡಿಸ್ಕಿನ ನಟ್ಟನಡುವೆ ತೂತಿರುತ್ತದೆ, ಯಾರ ಮುಖವೂ ಅಲ್ಲಿಗೆ ಬೀಳಬಾರದು. ಇಷ್ಟನ್ನು ಕಲಿಯುವುದಕ್ಕೆ ನಾನು ಬೇಕಾದಷ್ಟು ಬೈಸಿಕೊಂಡಿದ್ದೇನೆ. ಮೊದಮೊದಲು ಒಂದು ಮನೆಯವರ ಗುಂಪು ಫೋಟೋವನ್ನು ಹಿಂದೆಮುಂದೆ ನೋಡದೆ ವಿಡಿಯೋ ಡಿಸ್ಕಿನ ಮೇಲೆ ಅಚ್ಚು ಹಾಕಿ ಕೊಟ್ಟುಬಿಟ್ಟಿದ್ದೆ. ನಡುವೆ ಕುರ್ಚಿಯಲ್ಲಿ ಕೂತಿದ್ದ ಹಿರಿಯರ ತಲೆ ಇರಬೇಕಾದ ಕಡೆ ತೂತು. ಅವರು ಡಿಸ್ಕನ್ನು ಎತ್ತಿ ಹಿಡಿದು, ಆ ತೂತಿನಿಂದ ನನ್ನನ್ನೇ ನೋಡುತ್ತಾ, ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ ತಲೆ ಅದು, ಎಲ್ಲಿ ಹಾಕಿದಿರಿ ಎಂದು ಕೇಳಿದರು. ನನಗೆ ನಗು ಬಂತು, ಅವರಿಗೆ ಇನ್ನಷ್ಟು ಕೋಪ ಬಂತು.

ನಮ್ಮ ಯಜಮಾನರು ಮದುವೆ, ನಾಮಕರಣ, ಗೃಹಪ್ರವೇಶಗಳ ವಿಡಿಯೋ ತೆಗೆಯುತ್ತಿದ್ದರು. ರಾಮಕೃಷ್ಣನಗರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಅದನ್ನು ಎಡಿಟ್ ಮಾಡಿ, ಡಿಸ್ಕಿಗೆ ಹಾಕಿ, ಡಿಸ್ಕಿನ ಮೇಲೆ ಚಿತ್ರ ಮೂಡಿಸುವುದು ನನ್ನ ಪಾಲಿನ ಕೆಲಸ. ಕಾಗದದ ಚೀಟಿ ಅಂಟಿಸುವುದಲ್ಲ, ಅದು ಪ್ಲೇಯರಿನ ಬಿಸಿಗೆ ಎದ್ದು ಬರುತ್ತಿತ್ತು. ಮೇಲ್ಮೈಗೆ ಸುಣ್ಣ ಬಳಿದ ಹಾಗೆ ಬೆಳ್ಳಗಿರುವ ಡಿಸ್ಕುಗಳೇ ಬರುತ್ತಿದ್ದವು. ಅದನ್ನು ಪ್ರಿಂಟರಿನ ತಟ್ಟೆಯಲ್ಲಿ ಕೂರಿಸಿ ಒಳಕ್ಕೆ ತಳ್ಳಿದರೆ ಶಾಯಿ ನೇರವಾಗಿ ಡಿಸ್ಕಿನ ಮೇಲೇ ಬಿದ್ದು, ಹುಡುಗ ಹುಡುಗಿ ತೂತಿನ ಆಚೆಗೊಬ್ಬರು ಈಚೆಗೊಬ್ಬರು ನಗುತ್ತಾ ಹೊರಬರುತ್ತಿದ್ದರು. ಹಪ್ಪಳದ ಹಾಗೆ ಮೊರದಲ್ಲಿ ಹರಡಿ ಒಣಗಿಸುತ್ತಿದ್ದೆ. ಫ್ಯಾನು ಹಾಕುವಂತಿಲ್ಲ, ಧೂಳು ಕೂರುತ್ತದೆ. ಒದ್ದೆ ಕೈ ತಾಗುವಂತಿಲ್ಲ, ಬಣ್ಣ ಕಲೆಸಿಹೋಗುತ್ತದೆ. ಆ ಕೋಣೆಗೆ ಯಾರು ಕಾಲಿಟ್ಟರೂ ಮುಟ್ಟಬೇಡಿ ಎಂದೇ ನಾನು ಮಾತು ಶುರು ಮಾಡುತ್ತಿದ್ದೆ. ನನಗೆ ಕೋಪ ಮೂಗಿನ ತುದಿಯಲ್ಲೇ, ಅದನ್ನು ನಾನೇನೂ ಮುಚ್ಚಿಟ್ಟಿಲ್ಲ.

ಆ ಕೋಪ ಹೆಚ್ಚಾಗಿ ಬೀಳುತ್ತಿದ್ದದ್ದು ಇವರ ಮಾತಿನ ಮೇಲೆ. ಇವರಿಗೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಕ್ಯಾಮೆರಾ ಹಿಂದೆ ನಿಂತು ಎಲ್ಲರನ್ನೂ ಮಾತಾಡಿಸುವುದು, ಅತ್ತಿಗೆ ಸ್ವಲ್ಪ ಈ ಕಡೆ ತಿರುಗಿ, ಮಾವ ನಗಬಾರದು ಅಂತ ಕಾನೂನೇನಾದರೂ ಇದೆಯಾ, ಪುರೋಹಿತರೇ ಅಕ್ಷತೆ ಇನ್ನೊಂದು ಸಲ. ಎಡಿಟ್ ಮಾಡಲು ಕೂತರೆ ಮಂತ್ರಕ್ಕಿಂತ ಇವರ ಗಂಟಲೇ ಜೋರು. ನಮ್ಮ ಕಸುಬಿನಲ್ಲಿ ಆಗ ಒಂದು ಪದ್ಧತಿಯಿತ್ತು: ವಿಡಿಯೋದ ಮಾತನ್ನೆಲ್ಲ ತೆಗೆದುಹಾಕಿ ಅದರ ಮೇಲೆ ಸಿನಿಮಾ ಹಾಡೋ, ನಾದಸ್ವರವೋ ಕೂರಿಸುವುದು. ಜನ ಕೇಳುತ್ತಿದ್ದದ್ದೂ ಅದನ್ನೇ. ನಾನು ಒಂದು ಗುಂಡಿ ಒತ್ತಿ ಇವರ ದನಿಯನ್ನೆಲ್ಲ ಅಳಿಸುತ್ತಿದ್ದೆ, ಅಳಿಸಿ ಅಬ್ಬಾ ಎನ್ನುತ್ತಿದ್ದೆ. ಕ್ಯಾಮೆರಾದ ಟೇಪುಗಳನ್ನೂ ಉಳಿಸದೆ, ಅವುಗಳ ಮೇಲೇ ಮುಂದಿನ ಮದುವೆ ತುಂಬುತ್ತಿದ್ದೆವು.

ಆಮೇಲೆ ಇವರ ಗಂಟಲು ಕಟ್ಟತೊಡಗಿತು. ಶೀತ ಎಂದುಕೊಂಡೆವು, ಶುಂಠಿ ಕಷಾಯ ಕುಡಿಸಿದೆ. ಅದು ಶೀತವಾಗಿರಲಿಲ್ಲ. ಗಂಟಲಲ್ಲಿ ಬೆಳೆದಿದ್ದ ಗಡ್ಡೆಯ ಜೊತೆಗೆ ಧ್ವನಿಪೆಟ್ಟಿಗೆಯನ್ನೂ ತೆಗೆಯಬೇಕಾಯಿತು. ಕತ್ತಿನ ಬುಡದಲ್ಲಿ ಉಸಿರಾಟಕ್ಕೆ ದಾರಿ ಮಾಡಿ, ಮೇಲೊಂದು ಬಿಳಿ ಬಟ್ಟೆ ಕಟ್ಟಿ ಮನೆಗೆ ಕಳಿಸಿದರು. ಆಪರೇಷನ್ನಿನ ಹಿಂದಿನ ದಿನವಾದರೂ ಇವರ ಒಂದು ಮಾತನ್ನು ಹಿಡಿದಿಟ್ಟುಕೊಳ್ಳೋಣ ಎಂದು ನನಗೆ ಹೊಳೆಯಲಿಲ್ಲ. ಜೀವ ಉಳಿದು ಬಂದರೆ ಸಾಕಾಗಿತ್ತು. ಆಗ ನಮ್ಮ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಫೋನು, ಈಗಿನ ಹಾಗೆ ದನಿ ಕಳಿಸುವ ಅಭ್ಯಾಸ ಯಾರಿಗೂ ಇರಲಿಲ್ಲ.

ಕತ್ತಿಗೆ ಹಿಡಿದು ಮಾತಾಡುವ ಯಂತ್ರವೊಂದನ್ನು ಡಾಕ್ಟರು ಕೊಡಿಸಿದರು. ಇವರು ಎರಡು ದಿನ ಹಿಡಿದು, ಜೀರುಂಡೆ ಮಾತಾಡಿದ ಹಾಗಿದೆ ಎಂದು ಬರೆದು ತೋರಿಸಿ, ಬೀರುವಿನಲ್ಲಿಟ್ಟರು. ತುಟಿ ಆಡಿಸುತ್ತಾರೆ, ನನಗೆ ಅರ್ಥವಾಗುತ್ತದೆ. ಕರೆಯಬೇಕಾದರೆ ಚಪ್ಪಾಳೆ ತಟ್ಟುತ್ತಾರೆ. ನಾನೇನು ಸಂಡಿಗೆ ತಿನ್ನಲು ಬಂದ ಕಾಗೆಯೇ ಎಂದು ಮೊದಲು ರೇಗುತ್ತಿದ್ದೆ. ಈಗ ಚಪ್ಪಾಳೆಯಲ್ಲೇ ಹಸಿವಿನದು ಯಾವುದು, ಸುಮ್ಮನೆ ಕರೆದದ್ದು ಯಾವುದು ಎಂದು ತಿಳಿಯುತ್ತದೆ.

ಎರಡು ಮೂರು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಕಾಫಿ ಸೋಸುತ್ತಾ, ಇವರು ನನ್ನನ್ನು ಕೂಗುತ್ತಿದ್ದದ್ದು ಹೇಗೆ ಎಂದು ನೆನಪು ಮಾಡಿಕೊಳ್ಳಲು ಹೋದೆ. ಬರಲಿಲ್ಲ. ಮಾತುಗಳು ನೆನಪಿದ್ದವು, ದನಿ ನೆನಪಿರಲಿಲ್ಲ. ಅವತ್ತಿನಿಂದ ಮನೆಯಲ್ಲಿ ಉಳಿದಿದ್ದ ಡಿಸ್ಕುಗಳನ್ನು ಒಂದೊಂದಾಗಿ ಹಾಕಿ ಕೇಳಿದೆ. ಹಾಡು, ಹಾಡು, ಹಾಡು. ಎಲ್ಲ ನಾನೇ ಕೂರಿಸಿದ ಹಾಡು. ಪರದೆಯ ಮೇಲೆ ಯಾರೋ ಇವರ ಮಾತಿಗೆ ತಲೆಯೆತ್ತಿ ನಗುತ್ತಿದ್ದಾರೆ, ಇವರು ಅಂದದ್ದು ಮಾತ್ರ ಇಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೊನೆಗೆ ಇವರ ಎದುರು ಕೂತು, ನಿಮ್ಮ ದನಿಯನ್ನು ನಾನೇ ಕೈಯಾರೆ ಅಳಿಸಿಬಿಟ್ಟೆ ಎಂದು ಅತ್ತೆ. ಇವರು ನಕ್ಕು, ಒಳ್ಳೆಯದೇ ಆಯಿತು, ಈಗ ನೀನೊಬ್ಬಳೇ ಮಾತಾಡಬಹುದು ಎಂದು ಬರೆದು ತೋರಿಸಿದರು. ನನಗೆ ನಗು ಬರಲಿಲ್ಲ.

ಈಗ ಡಿಸ್ಕು ಕೇಳುವವರಿಲ್ಲ. ಮುಂದಿನ ಕೋಣೆಯಲ್ಲಿ ಜೆರಾಕ್ಸ್ ಮಾಡುತ್ತೇನೆ, ಅರ್ಜಿ ತುಂಬಿಕೊಡುತ್ತೇನೆ. ಹೋದ ವರ್ಷ ಮಹಾಲಯ ಅಮಾವಾಸ್ಯೆಗೆ ಇನ್ನೂ ಹತ್ತು ದಿನ ಇದೆ ಅನ್ನುವಾಗ, ನಜರ್‌ಬಾದಿನಿಂದ ಒಬ್ಬ ಹೆಂಗಸು ಮನೆ ವಿಚಾರಿಸಿಕೊಂಡು ಬಂದರು. ನನ್ನದೇ ವಯಸ್ಸು. ಸೆರಗಿನೊಳಗಿಂದ ಬಿಳಿ ಬಟ್ಟೆಯಲ್ಲಿ ಸುತ್ತಿದ ಡಿಸ್ಕೊಂದನ್ನು ತೆಗೆದರು. ನಾನೇ ಅಚ್ಚು ಹಾಕಿದ್ದು, ಅಂಚಿನಲ್ಲಿ ನಮ್ಮ ಬಡಾವಣೆಯ ಹೆಸರು ಮಾತ್ರ ಓದಲು ಬರುತ್ತಿತ್ತು. ಮಿಕ್ಕದ್ದೆಲ್ಲ ಹಳದಿ, ಕೆಂಪು ಕಲೆಸಿದ ರಾಡಿ. ಮುಖವಿದ್ದ ಕಡೆ ಅರಿಶಿನ ಗಟ್ಟಿಯಾಗಿ ಹೆಪ್ಪುಗಟ್ಟಿತ್ತು.

"ನಮ್ಮತ್ತೆ ಮೊಕ ಇದು, ಅಳ್ಸೋಗ್ಬುಟ್ಟದೆ. ಎಂಗಾರ ಮಾಡಿ ತಿರುಗ ಮೂಡಿಸ್ಕೊಡಿ ಕಣಮ್ಮ, ಎಡೆಗೆ ಇಡ್ಬೇಕು" ಎಂದರು.

ನನಗೆ ಮೈಯೆಲ್ಲ ಉರಿಯಿತು. ಡಿಸ್ಕಿಗೆ ಯಾರಾದರೂ ಅರಿಶಿನ ಕುಂಕುಮ ಹಚ್ಚುತ್ತಾರೇನಮ್ಮ, ಒದ್ದೆ ಬೆರಳು ತಾಗಿಸಬಾರದು ಅಂತ ಕೊಡುವಾಗಲೇ ಬಡಕೊಂಡಿರುತ್ತೇನಲ್ಲ ಎಂದು ಶುರು ಮಾಡಿದೆ. ನಾನು ನಿಲ್ಲಿಸಿದ ಮೇಲೆ ಅವರು ಮೆಲ್ಲಗೆ ಹೇಳಿದರು. ಅತ್ತೆ ತೀರಿಕೊಂಡಾಗ ಮನೆಯಲ್ಲಿ ಸರಿಯಾದ ಫೋಟೋ ಒಂದೂ ಇರಲಿಲ್ಲವಂತೆ. ಗುರುತಿನ ಚೀಟಿಯದನ್ನೇ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದರು. ಅದರಲ್ಲಿ ಅತ್ತೆ ಯಾರ ಮೇಲೋ ಮುನಿಸಿಕೊಂಡ ಹಾಗೆ ಇದ್ದಾರೆ. ನಗುವ ಮುಖ ಇದ್ದದ್ದು ಮೊಮ್ಮಗಳ ನಾಮಕರಣದ ಈ ಡಿಸ್ಕಿನ ಮೇಲೆ ಮಾತ್ರ. ಹಾಗಾಗಿ ದೇವರ ಗೂಡಿನಲ್ಲಿ ಡಿಸ್ಕನ್ನೇ ಇಟ್ಟು, ಹಬ್ಬ ಹುಣ್ಣಿಮೆಗೆಲ್ಲ ಅರಿಶಿನ ಕುಂಕುಮ ಇಟ್ಟು ಕೈಮುಗಿದಿದ್ದಾರೆ. ಮುತ್ತೈದೆಯಾಗಿ ಹೋದವರಿಗೆ ಇಡದೇ ಇರುವುದುಂಟೇ ಎಂದು ನನ್ನನ್ನೇ ಕೇಳಿದರು. ನನ್ನ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಕಾಫಿ ಮಾಡಿಕೊಟ್ಟೆ.

ಕಾಫಿ ಕುಡಿಯುತ್ತಾ ಅವರು ಇನ್ನೊಂದು ಮಾತು ಅಂದರು. ಅತ್ತೆ ತೊಟ್ಟಿಲ ಹಾಡು ಹೇಳಿದ್ದು ಹಾಗೇ ಕೇಳಲಿ ಎಂದು, ಇದಕ್ಕೆ ಸಿನಿಮಾ ಹಾಡು ಹಾಕಬೇಡಿ ಎಂದು ಮನೆಯವರೇ ಹೇಳಿದ್ದರಂತೆ. ಅಂದರೆ ಇದರಲ್ಲಿ ನಿಜವಾದ ದನಿ ಇದೆ. ನಾನು ಕೈ ಹಾಕದೆ, ಕೂತು ಕೇಳದೆ, ಮೇಲಿನ ಚಿತ್ರಕ್ಕಾಗಿ ಮಾತ್ರ ದನಿ ಮುಚ್ಚಿ ಓಡಿಸಿ ನೋಡಿ, ಹಾಗೇ ನಕಲು ಮಾಡಿ ಕೊಟ್ಟದ್ದು. ನಾನಿಲ್ಲದ ಕಡೆ ಕ್ಯಾಮೆರಾ ಹಿಡಿದು ನಿಂತ ಇವರು ಬಾಯಿ ಮುಚ್ಚಿಕೊಂಡಿದ್ದರು ಎಂದು ನಂಬುವಷ್ಟು ದಡ್ಡಿ ನಾನಲ್ಲ.

ಇವರಿಗೆ ಹೇಳಲಿಲ್ಲ. ಡಿಸ್ಕು ಓದದೇ ಹೋದರೆ? ಓದಿದರೂ ದನಿ ಇಲ್ಲದಿದ್ದರೆ? ಒಂದು ಸಲ ಇವರ ಎದುರು ಅತ್ತದ್ದು ಸಾಕಾಗಿತ್ತು. ನಜರ್‌ಬಾದಿನವರ ಅತ್ತೆ, ಆ ಅಜ್ಜಿಯ ಮುಖ ಮತ್ತೆ ಅಚ್ಚು ಹಾಕಬೇಕು, ಪ್ರಿಂಟರ್ ಎಬ್ಬಿಸಿ ಎಂದಷ್ಟೇ ಹೇಳಿದೆ. ಬಿಳಿ ಮುಖದ ಡಿಸ್ಕಿಗಾಗಿ ದೇವರಾಜ ಮೊಹಲ್ಲಾದಲ್ಲಿ ಅಂಗಡಿ ಅಂಗಡಿ ಅಲೆದೆ. ಹಳೆಯ ಪರಿಚಯದವರೊಬ್ಬರು ಅಟ್ಟ ಹತ್ತಿ, ಧೂಳು ಕೊಡವಿ, ಅರ್ಧ ಡಬ್ಬ ಹುಡುಕಿ ಕೊಟ್ಟರು. ಎಷ್ಟೋ ವರ್ಷದಿಂದ ಸುಮ್ಮನಿದ್ದ ಪ್ರಿಂಟರಿನ ಬಾಯಲ್ಲಿ ಶಾಯಿ ಒಣಗಿ ಕಟ್ಟಿಕೊಂಡಿತ್ತು. ಇವರು ಬಿಸಿನೀರು, ಹತ್ತಿ, ಸಿರಿಂಜು ಇಟ್ಟುಕೊಂಡು ಮಗುವಿನ ಕಿವಿ ತೊಳೆಯುವ ಹಾಗೆ ಅದನ್ನು ತೊಳೆಯುತ್ತಾ ಕೂತರು.

ಡಿಸ್ಕು ಅಮಾವಾಸ್ಯೆಯ ಹೊತ್ತಿಗೆ ನಜರ್‌ಬಾದ್ ತಲುಪಿತು, ಅದನ್ನು ಈಗಲೇ ಹೇಳಿಬಿಡುತ್ತೇನೆ. ಮೊದಲನೆಯದರಲ್ಲಿ ಕೆಂಪು ಬಾರದೆ ಅಜ್ಜಿ ಹಸಿರಾದರು, ಎರಡನೆಯದು ಸರಿಯಾಯಿತು. ಗಟ್ಟಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಅರಿಶಿನ ಕುಂಕುಮ ಏನಿದ್ದರೂ ಇದರ ಮೇಲೆ ಹಚ್ಚಿ ಎಂದು ಕೊಟ್ಟೆ. ಆ ಹೆಂಗಸು ಅದನ್ನು ಕಣ್ಣಿಗೊತ್ತಿಕೊಂಡು, ಬಿಳಿ ಬಟ್ಟೆಯಲ್ಲಿ ಸುತ್ತಿ ಸೆರಗಿನೊಳಗೆ ಇಟ್ಟುಕೊಂಡರು.

ಆದರೆ ಅಚ್ಚು ಹಾಕುವ ಮೊದಲು ಮುಖ ಸಿಗಬೇಕಿತ್ತಲ್ಲ. ಹಳೆಯ ಚಿತ್ರ ನಮ್ಮ ಕಂಪ್ಯೂಟರಿನಲ್ಲಿ ಉಳಿದಿರಲಿಲ್ಲ. ವಿಡಿಯೋ ಓಡಿಸಿ, ಅಜ್ಜಿ ನಗುವ ಕಡೆ ನಿಲ್ಲಿಸಿ, ಅದನ್ನೇ ಚಿತ್ರವಾಗಿ ತೆಗೆಯಬೇಕು. ಡಿಸ್ಕಿನ ತಳವನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ಒರೆಸಿ, ಹಳೆಯ ಕಂಪ್ಯೂಟರಿಗೆ ಹಾಕಿದೆ. ಮಧ್ಯಾಹ್ನ, ಊಟವಾಗಿತ್ತು. ಇವರು ಪಕ್ಕದಲ್ಲೇ ನೆಲದ ಮೇಲೆ ಪ್ರಿಂಟರ್ ಬಿಚ್ಚಿಕೊಂಡು ಕೂತಿದ್ದರು. ಡಿಸ್ಕು ಕರಕರ ಎಂದು ಸುತ್ತಿತು, ನಿಂತಿತು, ಮತ್ತೆ ಸುತ್ತಿತು. ಅಯ್ಯೋ ಶಿವನೇ, ಓದಪ್ಪ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಓದಿತು. ತೊಟ್ಟಿಲು ಬಂತು, ಹೂವು ಬಂತು, ಹೆಂಗಸರ ಗದ್ದಲ ಬಂತು. ಅಜ್ಜಿ ತೊಟ್ಟಿಲ ಕಡೆ ಬಗ್ಗಿಕೊಂಡೇ ಇದ್ದಾರೆ, ಬರೀ ನೆತ್ತಿ ಕಾಣುತ್ತದೆ. ಬ್ಯಾಡ ಕಣಪ್ಪ, ತಪ್ಪಾಯ್ತದೆ, ಎಲ್ರೂ ನಗ್ತಾರೆ ಎನ್ನುತ್ತಿದ್ದಾರೆ. ಆಗ ಕ್ಯಾಮೆರಾ ಹಿಂದಿನಿಂದ ಇವರ ದನಿ ಬಂತು. ಅದೇ ದನಿ. ಸ್ವಲ್ಪ ಒರಟು, ಕೊನೆಯ ಅಕ್ಷರವನ್ನು ಎಳೆಯುವ ದನಿ. ಮರೆತೇಹೋಗಿದೆ ಎಂದು ಅತ್ತಿದ್ದೆನಲ್ಲ, ಮೊದಲ ಮಾತಿಗೇ ಗುರುತು ಹತ್ತಿತು.

"ಹಾಡಿ ಅಮ್ಮ, ತಪ್ಪಾದ್ರೆ ಆಗ್ಲಿ. ಮನೇಲಿ ನಮ್ಮವಳಿದ್ದಾಳೆ, ಅವಳ ಕೈಗೆ ಹೋದ್ರೆ ಎಲ್ಲಾ ಸರಿ ಮಾಡ್ಬುಡ್ತಾಳೆ. ನನ್ನನ್ನೇ ಸರಿ ಮಾಡಿದ್ದಾಳೆ, ನಿಮ್ಮ ಹಾಡೇನು ಮಹಾ!"

ಆ ಮಾತಿಗೆ ಅಜ್ಜಿ ಮುಖವೆತ್ತಿ ಇವರನ್ನು ನೋಡಿ ಬಾಯಿ ತುಂಬ ನಕ್ಕರು. ಡಿಸ್ಕಿನ ಮೇಲಿದ್ದ ನಗು ಅದೇ. ಆ ಇಡೀ ವಿಡಿಯೋದಲ್ಲಿ ಅವರು ತಲೆಯೆತ್ತಿದ್ದು ಅದೊಂದೇ ಸಲ.

ನಾನು ಅಲ್ಲಿಗೆ ನಿಲ್ಲಿಸಿದೆ. ಇವರ ಕಡೆ ನೋಡಲು ಹೆದರಿಕೆಯಾಯಿತು. ಕೈಯಲ್ಲಿ ಸಿರಿಂಜು ಹಿಡಿದುಕೊಂಡು ಇವರು ಪರದೆಯನ್ನೇ ನೋಡುತ್ತಿದ್ದರು. ನನಗೆ ಅಳು ಬಂತು, ಅಳುವಿನ ಹಿಂದೆಯೇ ಕೋಪವೂ ಬಂತು. ಮೂವತ್ತು ವರ್ಷ ಸಂಸಾರ ಮಾಡಿದ್ದೇನೆ, ಒಂದು ದಿನ ನನ್ನ ಅಡುಗೆ ಚೆನ್ನಾಗಿದೆ ಎಂದವರಲ್ಲ ಈ ಮನುಷ್ಯ.

"ಯಾರಿಗೋ ಹೇಳಿದ್ದೀರಲ್ರೀ ಇದನ್ನ. ಬಾಯಿದ್ದಾಗ ನನಗೆ ಒಂದ್ಸಲ ಹೇಳೋಕೆ ಏನಾಗಿತ್ತು ನಿಮಗೆ?" ಎಂದೆ.

ಇವರು ಸಿರಿಂಜನ್ನು ಕೆಳಗಿಟ್ಟು, ಬೆರಳಿಗಂಟಿದ್ದ ಶಾಯಿಯನ್ನು ಪಂಚೆಗೆ ಒರೆಸಿಕೊಂಡು, ಎದ್ದು ಬಂದು ನನ್ನ ಕೈಯಿಂದ ಮೌಸ್ ತೆಗೆದುಕೊಂಡರು. ವಿಡಿಯೋವನ್ನು ಸ್ವಲ್ಪ ಹಿಂದಕ್ಕೆ ತಂದು ಮತ್ತೆ ಓಡಿಸಿದರು. ಪರದೆಗೆ ಬೆನ್ನು ಹಾಕಿ ನನ್ನ ಕಡೆ ತಿರುಗಿ ನಿಂತರು. ಹಿಂದಿನಿಂದ ದನಿ ಬರುತ್ತಿದ್ದ ಹಾಗೆ, ಒಂದಕ್ಷರವೂ ತಪ್ಪದೆ, ಇವರ ತುಟಿ ಆಡಿತು. ಈ ಸಲ ಅಜ್ಜಿಗಲ್ಲ, ನನಗೆ ಹೇಳಿದರು.